ಹಿಡಿಯುವ ಹುಡುಗನನ್ನು ಅಳೆಯುವುದು ಹೇಗೆ?

ಕಬಡ್ಡಿ ನೋಡುವಾಗ ನಿಮ್ಮ ಕಣ್ಣು ಯಾರ ಮೇಲಿರುತ್ತದೆ, ಮಕ್ಕಳೇ? ತೊಡೆ ತಟ್ಟಿ, ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗುವ ರೈಡರ್ ಮೇಲೆ ಅಲ್ಲವೇ? ಅಜ್ಜ ಅಜ್ಜಿಯರ ಕಣ್ಣೂ ಅಲ್ಲೇ ಇರುತ್ತದೆ. ಅವನನ್ನು ಹಿಡಿಯಲು ಏಳು ಜನ ಕಾದು ನಿಂತಿರುತ್ತಾರೆ. ಅವರಲ್ಲಿ ಒಬ್ಬೊಬ್ಬನೂ ಏನು ಮಾಡುತ್ತಿದ್ದಾನೆ ಎಂದು ನೋಡುವವರು ಬಹಳ ಕಡಿಮೆ. ಈ ವಾರ ನಾನು ಬರೆಯುತ್ತಿರುವುದು ಆ ಹಿಡಿಯುವವರ ಬಗ್ಗೆ, ಅಂದರೆ ಡಿಫೆಂಡರ್‌ಗಳ ಬಗ್ಗೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆಯ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ನಮ್ಮ ಕಡೆ ‘ಪಿ.ಟಿ. ಮಾಸ್ತರ’ ಅಂದರೆ ಸಾಕು. ಈಗಲೂ ತಾಲ್ಲೂಕು ಮಟ್ಟದ ಪಂದ್ಯಗಳಿದ್ದರೆ ಗೆರೆಯ ಪಕ್ಕದಲ್ಲಿ ಹೋಗಿ ಕೂಡುತ್ತೇನೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಗಿ ಈ ಆಟ ಟಿ.ವಿ.ಗೆ ಬಂದ ಮೇಲೆ ಮನೆಯ ಹಿರಿಯರು ನನಗೆ ಕೇಳುವ ಪ್ರಶ್ನೆ ಒಂದೇ: “ನಮ್ಮ ಹುಡುಗ ಮುಂದ ಬರ್ತಾನೇನ್ರಿ ಸರ?”

ರೈಡರ್ ವಿಷಯದಲ್ಲಿ ಉತ್ತರ ಹೇಳುವುದು ಅಷ್ಟು ಕಷ್ಟವಲ್ಲ. ಅವನ ವೇಗ, ಧೈರ್ಯ, ಅಂಕ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಡಿಫೆಂಡರ್ ವಿಷಯ ಹಾಗಲ್ಲ. ಅವನ ಒಳ್ಳೆಯ ಕೆಲಸದ ಬಹುಪಾಲು ಅಂಕಪಟ್ಟಿಗೆ ಬರುವುದೇ ಇಲ್ಲ.

ಅರ್ಧ ಲೆಕ್ಕ ಸಾಲದು

2018ರಲ್ಲಿ ನಡೆದ ಪ್ರೊ ಕಬಡ್ಡಿಯ 6ನೇ ಆವೃತ್ತಿಯಲ್ಲಿ ಯು.ಪಿ. ಯೋಧಾ ತಂಡದ ನಿತೇಶ್ ಕುಮಾರ್ 100 ಟ್ಯಾಕಲ್ ಅಂಕ ಗಳಿಸಿದರು. ಒಂದೇ ಆವೃತ್ತಿಯಲ್ಲಿ ಅಷ್ಟು ಅಂಕ ಪಡೆದ ಮೊದಲ ಡಿಫೆಂಡರ್ ಅವರು. ಅದು ದೊಡ್ಡ ಸಾಧನೆಯೇ. ಆದರೆ ಅಂದಿನಿಂದ ನಮ್ಮ ಹುಡುಗರು ಪಂದ್ಯ ಮುಗಿದ ಕೂಡಲೇ “ನಾನು ಐದು ಹಿಡಿದೆ, ನೀನೆಷ್ಟು?” ಎಂದು ಲೆಕ್ಕ ಹಾಕತೊಡಗಿದ್ದಾರೆ.

ಮಕ್ಕಳೇ, ಇಲ್ಲೊಂದು ಸಣ್ಣ ಗಣಿತ ಮಾಡೋಣ. ಒಬ್ಬ ಹುಡುಗ ಹತ್ತು ಸಲ ಹಿಡಿಯಲು ಹೋದ. ನಾಲ್ಕು ಸಲ ಹಿಡಿದ, ಆರು ಸಲ ರೈಡರ್ ತಪ್ಪಿಸಿಕೊಂಡ. ಇನ್ನೊಬ್ಬ ನಾಲ್ಕೇ ಸಲ ಹೋದ. ಮೂರು ಸಲ ಹಿಡಿದ, ಒಂದು ಸಲ ತಪ್ಪಿತು. ಯಾರು ಮೇಲು? ‘ನಾಲ್ಕು ಹಿಡಿದವನು’ ಎನ್ನಬೇಡಿ. ಹಿಡಿತ ತಪ್ಪಿದಾಗಲೆಲ್ಲ ಎದುರಾಳಿಗೆ ಕನಿಷ್ಠ ಒಂದು ಅಂಕ ಹೋಗುತ್ತದೆ, ಹಿಡಿಯಲು ಹೋದವನೂ ಔಟಾಗಿ ಹೊರಗೆ ಕೂಡುತ್ತಾನೆ. ಮೊದಲನೆಯವನು ನಾಲ್ಕು ತಂದು ಆರು ಕೊಟ್ಟ. ಎರಡನೆಯವನು ಮೂರು ತಂದು ಒಂದು ಕೊಟ್ಟ. ಹಿಡಿದದ್ದನ್ನು ಮಾತ್ರ ಎಣಿಸಿದರೆ ಅದು ಅರ್ಧ ಲೆಕ್ಕ.

ನಾನು ನೋಡುವ ಐದು ಸಂಗತಿ

ಒಂದು, ಕಾಲು. ಒಳ್ಳೆಯ ಡಿಫೆಂಡರ್ ಹಿಮ್ಮಡಿಯ ಮೇಲೆ ನಿಲ್ಲುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದದ ಮುಂಭಾಗದ ಮೇಲೆ ಭಾರ ಹಾಕಿ ನಿಂತಿರುತ್ತಾನೆ. ರೈಡರ್ ಇನ್ನೊಂದು ಬದಿಯಲ್ಲಿದ್ದಾಗಲೂ ಅವನ ಕಾಲು ಸಣ್ಣ ಸಣ್ಣ ಹೆಜ್ಜೆ ಇಡುತ್ತಲೇ ಇರುತ್ತವೆ.

ಎರಡು, ಕಣ್ಣು. ರೈಡರ್ ಕೈ ಸುಳ್ಳು ಹೇಳುತ್ತದೆ, ತಲೆ ಸುಳ್ಳು ಹೇಳುತ್ತದೆ. ಸೊಂಟಕ್ಕೆ ಸುಳ್ಳು ಹೇಳುವುದು ಕಷ್ಟ, ಏಕೆಂದರೆ ಮೈಭಾರವೆಲ್ಲ ಅಲ್ಲಿರುತ್ತದೆ. ಜಾಣ ಹುಡುಗ ನೋಡುವುದು ಸೊಂಟ ಮತ್ತು ಕಾಲನ್ನು. ಬೋನಸ್ ಗೆರೆಯ ಕಡೆಗೆ ರೈಡರ್ ಕಾಲು ಚಾಚಿದ ಕ್ಷಣದಲ್ಲೇ ಮೂಲೆಯಲ್ಲಿ ನಿಂತವನು ಅವನ ಪಾದದ ಗಂಟು ಹಿಡಿಯುತ್ತಾನೆ.

ಮೂರು, ಜೊತೆಗಾರ. ಕೈ ಕೈ ಹಿಡಿದು ಸರಪಳಿಯಾಗಿ ನಿಂತಾಗ ಒಬ್ಬ ಮುಂದೆ ಸರಿದರೆ ಇನ್ನೊಬ್ಬನೂ ಸರಿಯಬೇಕು. ಮೂಲೆಯವನು ಕಾಲು ಹಿಡಿದ ಕೂಡಲೇ ಕವರ್‌ನಲ್ಲಿದ್ದವನು ಬಂದು ಸೊಂಟಕ್ಕೆ ಬೀಳದಿದ್ದರೆ ಬಲವಾದ ರೈಡರ್ ಹಿಡಿದವನನ್ನೂ ಎಳೆದುಕೊಂಡು ನಡುಗೆರೆ ಮುಟ್ಟುತ್ತಾನೆ. ಅಂಕ ಬರೆಯುವುದು ಮೊದಲು ಹಿಡಿದವನ ಹೆಸರಿಗೆ. ಆದರೆ ಎರಡನೆಯವನಾಗಿ ಬರುವ ಹುಡುಗನನ್ನು ನಾನು ಗುರುತು ಹಾಕಿಕೊಳ್ಳುತ್ತೇನೆ.

ನಾಲ್ಕು, ತಾಳ್ಮೆ. ಒಂದು ರೈಡಿಗೆ 30 ಸೆಕೆಂಡು. ಪ್ರೊ ಕಬಡ್ಡಿಯಲ್ಲಿ ಎರಡು ರೈಡು ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಅಂಥ ರೈಡಿನಲ್ಲಿ ಅವಸರ ಇರಬೇಕಾದದ್ದು ರೈಡರ್‌ಗೆ, ಹಿಡಿಯುವವರಿಗಲ್ಲ. ‘ಈಗ ಸುಮ್ಮನಿರುವುದೇ ಕೆಲಸ’ ಎಂದು ತಿಳಿದ ಹುಡುಗ ಆಟವನ್ನು ಓದಬಲ್ಲ.

ಐದು, ತಪ್ಪಿದ ಮೇಲೆ ಏನು? ಹಿಡಿತ ತಪ್ಪಿ ಔಟಾದವನು ಹೊರಗೆ ಕೂತು ಮಣ್ಣು ಕೆರೆಯುತ್ತಾನೋ, ರೈಡರ್ ಹೆಜ್ಜೆ ನೋಡುತ್ತಾನೋ? ತಿರುಗಿ ಒಳಬಂದ ಮೇಲೆ ಹೆದರಿ ಹಿಂದೆ ನಿಲ್ಲುತ್ತಾನೋ, ಸಿಟ್ಟಿನಿಂದ ಮುಂದೆ ಹಾರುತ್ತಾನೋ, ತನ್ನ ಜಾಗದಲ್ಲೇ ನಿಲ್ಲುತ್ತಾನೋ? ಮೂರನೆಯ ಬಗೆಯವನು ಸಿಕ್ಕರೆ ನನಗೆ ಹಬ್ಬ.

ಎಡ ಮೂಲೆಯ ಹುಡುಗ

ಶಹಾಪುರದ ಕಡೆಯ ಒಬ್ಬ ಹುಡುಗನನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಎಡ ಮೂಲೆಯಲ್ಲಿ ಆಡುತ್ತಾನೆ. ಒಂದು ಪಂದ್ಯದಲ್ಲಿ ಎರಡು ಹಿಡಿದರೆ ಹೆಚ್ಚು. ಆದರೆ ಪಂದ್ಯ ಸಾಗಿದಂತೆ ಎದುರಾಳಿಗಳೆಲ್ಲ ಬಲಗಡೆಗೇ ರೈಡ್ ಮಾಡತೊಡಗುತ್ತಾರೆ. ಅವನ ಕಡೆ ಯಾರೂ ಹೋಗುವುದಿಲ್ಲ! ಅರ್ಧ ಅಂಕಣಕ್ಕೆ ಅವನೊಬ್ಬನೇ ಬೀಗ ಹಾಕಿದಂತೆ. ಇದಕ್ಕೆ ಯಾವ ಅಂಕಪಟ್ಟಿಯಲ್ಲೂ ಅಂಕವಿಲ್ಲ.

ಅವನ ಆಯಿ ಒಮ್ಮೆ ಪಂದ್ಯಕ್ಕೆ ಬಂದಿದ್ದರು. “ಮಾಸ್ತರ್ರ, ಎಲ್ಲಾರೂ ಬ್ಯಾರೆ ಹುಡುಗುರ ಹೆಸರೇ ಕೂಗ್ತಾರ. ನಮ್ಮಂವ ಸುಮ್ಮ ನಿಂತಿರ್ತಾನಲ್ರಿ?” ಎಂದು ಕೇಳಿದರು.

“ಆಯಿ, ನಾಯಿ ಬಾಗಲದಾಗ ಮಲಗಿದ್ರ ಕಳ್ಳ ಬರಂಗಿಲ್ಲ. ಕಳ್ಳ ಬರಲಿಲ್ಲ ಅಂತ ನಾಯಿ ಕೆಲಸ ಮಾಡಿಲ್ಲ ಅಂತೀರೇನ್ರಿ?” ಎಂದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: “ಹಂಗಾದ್ರ ಸಾಲಿ ಬಿಡಿಸಿ ಆಟಕ್ಕೇ ಹಚ್ಚಲೇನ್ರಿ?”

ನಗು ಅಲ್ಲಿಗೆ ನಿಂತಿತು. ಏಕೆಂದರೆ ಆ ಪ್ರಶ್ನೆಗೆ ನಾನು ಹೇಳುವ ಮಾತಿನ ಮೇಲೆ ಒಬ್ಬ ಹುಡುಗನ ಬದುಕು ನಿಂತಿರುತ್ತದೆ. ‘ಭಾರೀ ಆಟಗಾರ’ ಎಂದರೆ ಶಾಲೆ ಬಿಡಿಸುತ್ತಾರೆ. ‘ಏನೂ ಇಲ್ಲ’ ಎಂದರೆ ಆಟ ಬಿಡಿಸಿ ಬೆಂಗಳೂರಿಗೋ ಮುಂಬಯಿಗೋ ಗುಳೇ ಹೋಗುವವರ ಜೊತೆ ಕಳಿಸುತ್ತಾರೆ. “ಎರಡೂ ಬ್ಯಾಡ್ರಿ ಆಯಿ. ಸಾಲಿನೂ ನಡೀಲಿ, ಆಟನೂ ನಡೀಲಿ. ಇವನ ಲೆಕ್ಕ ಈಗೇ ಮುಗಿಯಂಗಿಲ್ಲ” ಎಂದೆ.

ತಡವಾಗಿ ಮಾಗುವ ಹಣ್ಣು

ಹೀಗೆ ಹೇಳಲು ಕಾರಣವಿದೆ. ರೈಡರ್ ತನ್ನ ಮನಸ್ಸಿನಲ್ಲಿರುವುದನ್ನು ಮಾಡುತ್ತಾನೆ. ಡಿಫೆಂಡರ್ ಇನ್ನೊಬ್ಬನ ಮನಸ್ಸಿನಲ್ಲಿರುವುದನ್ನು ತಿಳಿಯಬೇಕು. ಅದಕ್ಕೆ ನೂರಾರು ರೈಡರ್‌ಗಳನ್ನು ಕಂಡಿರಬೇಕು, ನೂರಾರು ಸಲ ಮೋಸ ಹೋಗಿರಬೇಕು. ಆದ್ದರಿಂದ ಡಿಫೆಂಡರ್ ಮಾಗುವುದು ತಡ.

ಇದು ಕಬಡ್ಡಿಯ ಮಾತಷ್ಟೇ ಅಲ್ಲ. ಐಸ್ ಹಾಕಿ ಎಂಬ ಆಟವಿದೆ. ಮಂಜುಗಡ್ಡೆಯ ಅಂಕಣದ ಮೇಲೆ, ಅಲಗಿನ ಬೂಟು ಹಾಕಿಕೊಂಡು ಜಾರುತ್ತ ಆಡುವ ಆಟ. ನಮ್ಮ ಲಡಾಖ್‌ನಲ್ಲೂ ಚಳಿಗಾಲದಲ್ಲಿ ಆಡುತ್ತಾರೆ. ಅಮೆರಿಕ, ಕೆನಡಾಗಳ ದೊಡ್ಡ ಲೀಗ್‌ನಲ್ಲಿ ತಂಡಗಳು ಪ್ರತಿ ವರ್ಷ ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 1989ರಲ್ಲಿ ಸ್ವೀಡನ್‌ನ ನಿಕ್ಲಾಸ್ ಲಿಡ್‌ಸ್ಟ್ರಾಮ್ ಎಂಬ 19 ವರ್ಷದ ಡಿಫೆಂಡರ್‌ನನ್ನು ಡೆಟ್ರಾಯಿಟ್ ತಂಡ ಆರಿಸಿತು. ಅವನ ಸರದಿ 53ನೆಯದು. ಅಂದರೆ 52 ಹುಡುಗರು ಅವನಿಗಿಂತ ಮೇಲೆಂದು ಪಂಡಿತರಿಗೆ ತೋರಿತ್ತು. ಅವನು ಅಲ್ಲಿ ಆಡಲು ಹೋದದ್ದು 1991ರಲ್ಲಿ. ಲೀಗ್‌ನ ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ ಮೊದಲ ಸಲ ಸಿಕ್ಕದ್ದು 2001ರಲ್ಲಿ, 31ನೇ ವಯಸ್ಸಿಗೆ. ಆಮೇಲೆ? ಒಟ್ಟು ಏಳು ಸಲ ಗೆದ್ದ. ಕೊನೆಯ ಸಲ 2011ರಲ್ಲಿ, 41ನೇ ವಯಸ್ಸಿನಲ್ಲಿ!

ಕಬಡ್ಡಿಯಲ್ಲೂ ನೋಡಿ. 1992ರಲ್ಲಿ ಹುಟ್ಟಿದ ಇರಾನಿನ ಫಜಲ್ ಅತ್ರಾಚಲಿ ಎಡ ಮೂಲೆಯ ಆಟಗಾರ. ಮೂವತ್ತು ದಾಟಿದ ಮೇಲೂ ಪ್ರೊ ಕಬಡ್ಡಿಯಲ್ಲಿ ಆಡುತ್ತ, ಅತಿ ಹೆಚ್ಚು ಟ್ಯಾಕಲ್ ಅಂಕ ಗಳಿಸಿದವರೆನಿಸಿದರು. ನಮ್ಮ ಬೆಂಗಳೂರು ಬುಲ್ಸ್‌ಗೆ ಎಳೆಯ ಆಟಗಾರನಾಗಿ ಬಂದ ಸೌರಭ್ ನಂದಾಲ್ ಬಲ ಮೂಲೆಯಲ್ಲಿ ನಿಂತು ಆಡುತ್ತ ಕಲಿತು 10ನೇ ಆವೃತ್ತಿಯಲ್ಲಿ ತಂಡದ ನಾಯಕರಾದರು.

ಶಹಾಪುರದ ಬೆಟ್ಟವನ್ನು ನೀವು ನೋಡಿರಬಹುದು. ಬುಡದಲ್ಲಿ ನಿಂತರೆ ಬರೀ ಬಂಡೆ. ದೂರ ಸರಿದು ನೋಡಿದರೆ ಮಲಗಿದ ಬುದ್ಧ ಕಾಣುತ್ತಾನೆ. ಎಳೆಯ ಡಿಫೆಂಡರ್‌ನನ್ನೂ ಒಂದು ಪಂದ್ಯದಲ್ಲಿ ನೋಡಿದರೆ ಬಂಡೆಗಳಷ್ಟೇ ಕಾಣುತ್ತವೆ. ಎರಡು ಮೂರು ವರ್ಷ ನೋಡಿದರೆ ಆಕಾರ ತಿಳಿಯುತ್ತದೆ.

ಮನೆಯವರಿಗೆ ನಾಲ್ಕು ಮಾತು

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮೈಕಟ್ಟು ನೋಡಿ ತೀರ್ಮಾನಿಸಬೇಡಿ. ಬೇಗ ಬೆಳೆದ ಹುಡುಗ ಈಗ ಎಲ್ಲರನ್ನೂ ಕೆಡವುತ್ತಾನೆ. ಉಳಿದವರೂ ಬೆಳೆದ ಮೇಲೆ ಅವನಲ್ಲಿ ಏನು ಉಳಿಯುತ್ತದೆ ಎಂಬುದೇ ಮುಖ್ಯ.

ತೂಕಕ್ಕಾಗಿ ಉಪವಾಸ ಕೆಡವಬೇಡಿ. ಕಬಡ್ಡಿಯಲ್ಲಿ ತೂಕದ ಮಿತಿ ಉಂಟು, ಪ್ರೊ ಕಬಡ್ಡಿಯಲ್ಲಿ ಅದು 85 ಕೆ.ಜಿ. ಆದರೆ ಬೆಳೆಯುವ ಹುಡುಗನಿಗೆ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಸಿಗಬೇಕು.

ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವನನ್ನು ಒಮ್ಮೆಲೇ ಮ್ಯಾಟ್ ಮೇಲೆ ಬಿಟ್ಟರೆ ಪಾದ ಹಿಡಿದುಕೊಂಡು ಮೊಣಕಾಲು ತಿರುಗುವ ಅಪಾಯವಿದೆ. ಸರಿಯಾದ ಬೂಟು ಬೇಕು, ರೂಢಿ ನಿಧಾನವಾಗಿ ಆಗಬೇಕು.

ಎಲ್ಲಕ್ಕಿಂತ ಮುಖ್ಯ, ಶಾಲೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಯದಾಗಿತ್ತು. ಆಟದ ಹೆಸರಿನಲ್ಲಿ ಇನ್ನೊಂದು ಮಗು ಶಾಲೆ ಬಿಡುವುದು ನಮಗೆ ಬೇಡ. ಕ್ರೀಡಾ ಕೋಟಾದ ನೌಕರಿಗೂ ಓದು ಕೇಳುತ್ತಾರೆ. ಆಟ ನಿಂತ ಮೇಲೂ ಬದುಕಿದೆ. ಕರ್ನಾಟಕದ ಬಿ.ಸಿ. ರಮೇಶ್ 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರರು. ಮುಂದೆ ಕೋಚ್ ಆಗಿ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಎರಡೂ ತಂಡಗಳಿಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟರು.

ಹೆಣ್ಣುಮಕ್ಕಳನ್ನೂ ಇದೇ ಕಣ್ಣಿನಿಂದ ನೋಡಿ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ ನಮ್ಮ ರಾಜ್ಯದವರೇ, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರೇ.

ಇನ್ನು ಅಜ್ಜ ಮೊಮ್ಮಕ್ಕಳಿಗೆ ಒಂದು ಕೆಲಸ. ಮುಂದಿನ ಸಲ ಕಬಡ್ಡಿ ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಬ್ಬನೇ ಡಿಫೆಂಡರ್‌ನನ್ನು ಆರಿಸಿ. ಅಜ್ಜ ನೋಡಿ ಹೇಳಲಿ, ಮೊಮ್ಮಗಳು ಬರೆಯಲಿ: ಎಷ್ಟು ಸಲ ಹಿಡಿಯಲು ಹೋದ, ಎಷ್ಟು ಸಲ ಹಿಡಿದ, ಎಷ್ಟು ಸಲ ಜೊತೆಗಾರನಿಗೆ ನೆರವಾದ, ಎಷ್ಟು ಸಲ ಸುಮ್ಮನೆ ನಿಂತೇ ರೈಡರ್‌ನನ್ನು ಬರಿಗೈಯಲ್ಲಿ ಕಳಿಸಿದ. ನಾಲ್ಕನೆಯ ಸಾಲಿನ ಅಂಕಿ ದೊಡ್ಡದಾಗಿದ್ದರೆ ಆ ಹುಡುಗನ ಹೆಸರನ್ನು ನೆನಪಿಟ್ಟುಕೊಳ್ಳಿ.