ಬಿಳಿ ಬಣ್ಣ ಮುಟ್ಟದೆ ಬಿಳಿ ದೀಪಸ್ತಂಭ

ಅಮೆರಿಕದ ಮೇನ್ ರಾಜ್ಯದಲ್ಲಿ ಯಾರ್ಕ್ ಎಂಬ ಕಡಲೂರಿದೆ. ಬೇಸಿಗೆ ಬಂತೆಂದರೆ ಅಲ್ಲಿನ ಸೋಹಿಯರ್ ಪಾರ್ಕಿನ ಬಂಡೆಗಳ ಮೇಲೆ ಮಡಚುವ ಸ್ಟೂಲು, ನೀರಿನ ಡಬ್ಬಿ, ಬಣ್ಣದ ಪೆಟ್ಟಿಗೆ ಹಿಡಿದ ಚಿತ್ರಕಾರರು ಕಾಣಸಿಗುತ್ತಾರೆ. ಎಲ್ಲರ ಕಣ್ಣೂ ಎದುರಿನ ಪುಟ್ಟ ಕಲ್ಲುದ್ವೀಪದ ಮೇಲೆ. ಊರವರ ಬಾಯಲ್ಲಿ ಅದು ‘ನಬಲ್’.

ದ್ವೀಪದ ನೆತ್ತಿಯಲ್ಲಿ 1879ರಲ್ಲಿ ಮೊದಲ ಬಾರಿ ಬೆಳಗಿದ ಕೇಪ್ ನೆಡಿಕ್ ದೀಪಸ್ತಂಭ, ಪಕ್ಕದಲ್ಲಿ ಕಾವಲುಗಾರರಿದ್ದ ಮನೆ, ಕೆಂಪು ಇಟ್ಟಿಗೆಯ ಎಣ್ಣೆ ಕೋಣೆ. ಸ್ತಂಭದ ಎತ್ತರ 41 ಅಡಿಯಷ್ಟೇ. ಆದರೆ ಬಂಡೆಯೇ ಎತ್ತರವಾದ್ದರಿಂದ ದೀಪ ಸಮುದ್ರಮಟ್ಟದಿಂದ 88 ಅಡಿ ಮೇಲಿದೆ. ದ್ವೀಪಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಚಿತ್ರಕಾರರಿಗೆ ಇದು ವರವೇ: ನಡುವೆ ಕಿರಿದಾದ ನೀರಿನ ಹರವು, ಆಚೆ ಜನರಿಲ್ಲದ ದೃಶ್ಯ.

ಜಲವರ್ಣದಲ್ಲಿ ಬಿಳುಪೆಂದರೆ ಕಾಗದವೇ. ಹಾಗಾಗಿ ಬಿಳಿ ಸ್ತಂಭವನ್ನು ಯಾರೂ ‘ಬಿಡಿಸು’ವುದಿಲ್ಲ, ಸುತ್ತಲಿನ ಆಕಾಶವನ್ನು ಬಿಡಿಸಿ ಅದನ್ನು ಉಳಿಸಿಕೊಳ್ಳುತ್ತಾರೆ. ಆಕಾಶದ ವಾಶ್ (ನೀರು ಬೆರೆತ ತೆಳು ಬಣ್ಣದ ಹಾಸು) ಮೇಲಿನಿಂದ ಇಳಿದು ಬರುವಾಗ ಸ್ತಂಭದ ಅಂಚಿನ ಬಳಿ ಕೈ ನಿಲ್ಲುವಂತಿಲ್ಲ. ಅರ್ಧಕ್ಕೆ ಒಣಗಿದರೆ ಗೆರೆ ಬಿದ್ದೇಬಿಡುತ್ತದೆ. ಕೆಲವರು ಮೊದಲೇ ಸ್ತಂಭದ ಜಾಗಕ್ಕೆ ಬಣ್ಣ ಹತ್ತದಂತೆ ತಡೆಯುವ ಮಾಸ್ಕಿಂಗ್ ಫ್ಲೂಯಿಡ್ ಬಳಿದು, ಕೊನೆಗೆ ಉಜ್ಜಿ ತೆಗೆಯುತ್ತಾರೆ. ಆದರೆ ಹಾಗೆ ಸಿಗುವ ಅಂಚು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಕುಂಚವನ್ನೇ ಸುತ್ತಿಸಿ ಉಳಿಸಿದ ಅಂಚಿಗೆ ಜೀವವಿರುತ್ತದೆ. ನಂತರ ಬಿಸಿಲು ಬೀಳದ ಬದಿಗೆ ತೆಳು ಕೋಬಾಲ್ಟ್ ನೀಲಿ ಎಳೆದು, ಅದರ ಒಳಅಂಚನ್ನು ಬರೀ ನೀರಿನ ಕುಂಚದಿಂದ ಕರಗಿಸಿದರೆ ಸಾಕು, ಸ್ತಂಭ ದುಂಡಗಾಗುತ್ತದೆ.

ಬಂಡೆಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದ ಬೂದು. ಅಲ್ಟ್ರಾಮರೀನಿನ ಕಣಗಳು ಒರಟು ಕಾಗದದ ಕುಳಿಗಳಲ್ಲಿ ಇಳಿದು ಕೂತಾಗ ಕಲ್ಲಿನ ತರಿ ತಾನಾಗಿಯೇ ಮೂಡುತ್ತದೆ.

ಕಡಲು ಮಾತ್ರ ಕಾಯುವುದಿಲ್ಲ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 8-9 ಅಡಿ ವ್ಯತ್ಯಾಸ. ಬಂಡೆಯ ಬುಡದ ಪಾಚಿಯ ಕಪ್ಪು ಪಟ್ಟಿ ಬೆಳಿಗ್ಗೆ ಕಂಡದ್ದು ಮಧ್ಯಾಹ್ನಕ್ಕೆ ಮುಳುಗಿರಬಹುದು. ಆದ್ದರಿಂದ ಅನುಭವಿಗಳು ನೀರಿನ ಗೆರೆಯನ್ನೂ ನೆರಳಿನ ದಿಕ್ಕನ್ನೂ ಮೊದಲೇ ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಆಮೇಲೆ ಏನೇ ಬದಲಾದರೂ ಅದನ್ನು ಮುಟ್ಟುವುದಿಲ್ಲ. ಮಂಜು ಕವಿದರೆ ಇನ್ನೊಂದು ಪಾಡು: ಕಾಗದ ಒಣಗುವುದೇ ಇಲ್ಲ.

ಹೀಗೆ ಹೊರಗೆ ಕೂತು ಬಿಡಿಸುವುದನ್ನು ಸುಲಭ ಮಾಡಿದ್ದು ಬಣ್ಣ ತುಂಬುವ ತವರದ ಟ್ಯೂಬು. ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೇನ್ ಕರಾವಳಿಯ ಪ್ರೌಟ್ಸ್ ನೆಕ್‌ನಲ್ಲಿ 1880ರ ದಶಕದಿಂದ ಬದುಕಿನ ಕೊನೆಯವರೆಗೂ ನೆಲೆಸಿದ್ದ ಚಿತ್ರಕಾರ ವಿನ್ಸ್ಲೋ ಹೋಮರ್ ಜಲವರ್ಣವನ್ನು ಬರೀ ಕರಡಿನ ಮಾಧ್ಯಮವಾಗಿ ಕಾಣಲಿಲ್ಲ. ಎಡ್ವರ್ಡ್ ಹಾಪರ್ 1927ರ ಬೇಸಿಗೆಯಲ್ಲಿ ಅದೇ ಕರಾವಳಿಯ ಕೇಪ್ ಎಲಿಜಬೆತ್‌ನ ದೀಪಸ್ತಂಭವನ್ನು ಮತ್ತೆ ಮತ್ತೆ ಬಿಡಿಸಿದರು. ಆ ವರ್ಷವಷ್ಟೇ ಕೊಂಡ ಕಾರು ಮುಂದೆ ಹಲವು ಸಲ ಅವರಿಗೆ ಸ್ಟುಡಿಯೊವೂ ಆಯಿತು.

ಕೈ ಪಳಗಿಸಲು ಮೇನ್‌ವರೆಗೆ ಹೋಗಬೇಕಿಲ್ಲ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಕಡಲಂಚಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ, ಮೈಮೇಲೆ ಕಪ್ಪು-ಬಿಳಿ ಪಟ್ಟೆ. ಆಸಕ್ತರು 300 ಜಿಎಸ್‌ಎಂನ ದಪ್ಪ ಕಾಗದ, ಎರಡು ಕುಂಚ, ಎರಡು ಬಾಟಲಿ ಸಿಹಿನೀರು ಹಿಡಿದು ಬೆಳಿಗ್ಗೆ ಬೇಗ ಹೊರಡಲಿ. ಬಿಳಿ ಬಣ್ಣದ ಟ್ಯೂಬನ್ನು ಮನೆಯಲ್ಲೇ ಬಿಡಲಿ.