ಆರು ತಿಂಗಳ ಪರದೇಶ

ಯಲ್ಲಾಪುರ ತಾಲ್ಲೂಕಿನ ಮಾಗೋಡನ್ನು ಹೊರಗಿನವರು ಬಲ್ಲುದು ಅಲ್ಲಿನ ಜಲಪಾತದಿಂದ. ಬೇಡ್ತಿ ನದಿ ಅಲ್ಲಿ ಕಮರಿಗೆ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರಿನಲ್ಲಿ ಅಂಕೋಲೆಯ ಬಳಿ ಕಡಲು ಸೇರುತ್ತದೆ. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಅಲ್ಲಿನ ಇನ್ನೊಂದು ಇಳಿಕೆಯೂ ಗೊತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಸೀಮೆಯಲ್ಲಿ ಇಂದು ಮನೆಯಲ್ಲಿ ಇಬ್ಬರು ವೃದ್ಧರು, ಅಂಗಳದಲ್ಲಿ ಒಂದು ನಾಯಿ ಎಂಬಂತಿರುವ ಮನೆಗಳು ಹಲವು. ಮಕ್ಕಳು ಬೆಂಗಳೂರಿಗೆ ಹೋದರು. ಅವರಲ್ಲಿ ಚುರುಕಾದವರು ಅಲ್ಲಿಂದ ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೋದರು. ಆದ್ದರಿಂದ 2024ರಲ್ಲಿ ನನ್ನ ತಮ್ಮನ ಮಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಿ ಬರುತ್ತೇನೆಂದು ಹೇಳಿದಾಗ, ಮನೆಯವರ ಕಿವಿಗೆ ಬಿದ್ದದ್ದು ‘ಓದಿ’ ಎಂಬ ಮಾತು ಮಾತ್ರ. ‘ಬರುತ್ತೇನೆ’ ಎಂಬುದನ್ನು ಯಾರೂ ನಂಬಲಿಲ್ಲ.

ಆಕೆ ಆಗ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯ ಎರಡನೆಯ ವರ್ಷದಲ್ಲಿದ್ದಳು. ವಿದ್ಯಾರ್ಥಿ ವಿನಿಮಯದ ಒಪ್ಪಂದವಿದ್ದುದರಿಂದ ಅಲ್ಲಿ ಬೋಧನಾ ಶುಲ್ಕವಿರಲಿಲ್ಲ. ಆದರೆ ವೀಸಾ ಬೇಕೆಂದರೆ ಜೀವನೋಪಾಯದ ಹಣವನ್ನು ಜರ್ಮನಿಯ ಖಾತೆಯೊಂದರಲ್ಲಿ ಮೊದಲೇ ಇಡಬೇಕು. ಅದರಿಂದ ತಿಂಗಳಿಗಿಷ್ಟೇ ಎಂದು ತೆಗೆಯಬಹುದು. 2024ರ ಸೆಪ್ಟೆಂಬರಿನಿಂದ ಆ ಮೊತ್ತ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ ಅಂದಿನ ದರದಲ್ಲಿ ಸುಮಾರು 5.4 ಲಕ್ಷ ರೂಪಾಯಿ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಹನ್ನೊಂದು ಕ್ವಿಂಟಲ್ ರಾಶಿ ಅಡಿಕೆ. ಎಲೆಚುಕ್ಕಿ ರೋಗ ತೋಟ ಹೊಕ್ಕಿರುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ತಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಅಣ್ಣ, ದುಡ್ಡು ಹೇಗೋ ಆಗುತ್ತದೆ. ಹುಡುಗಿ ತಿರುಗಿ ಬರುತ್ತಾಳೆಯೇ?’

ಬರುತ್ತಾಳೆ ಎಂದೆ. ಹಾಗೆ ಹೇಳಲು ನನಗೆ ಧೈರ್ಯ ಬಂದದ್ದು ಆಕೆಯ ಸ್ವಭಾವದ ಮೇಲಿನ ಭರವಸೆಯಿಂದಷ್ಟೇ ಅಲ್ಲ, ಲೆಕ್ಕದಿಂದಲೂ. ಅಮೆರಿಕದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ 40 ಲಕ್ಷ ರೂಪಾಯಿ ಸಾಲ ಮಾಡುವುದು ಈಗ ಅಪರೂಪವೇನಲ್ಲ. ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷ ತೀರಿಸುವುದಾದರೆ ತಿಂಗಳ ಕಂತು ಸುಮಾರು 55,000 ರೂಪಾಯಿ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಸಾಮಾನ್ಯ ಪದವೀಧರನ ಸಂಬಳದಲ್ಲಿ ಈ ಕಂತು ಕಟ್ಟಿದರೆ ಊಟಕ್ಕೆ ಉಳಿಯುವುದಿಲ್ಲ. ಡಾಲರಿನಲ್ಲಿ ಮಾಡಿದ ಸಾಲವನ್ನು ಡಾಲರಿನಲ್ಲಿಯೇ ತೀರಿಸಬೇಕಾಗುತ್ತದೆ. ಹುಡುಗ ಊರನ್ನು ಮರೆತ, ತಂದೆತಾಯಿಯನ್ನು ಮರೆತ ಎಂದು ನಾವು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಆಡಿಕೊಳ್ಳುತ್ತೇವೆ. ಆತನ ಬ್ಯಾಂಕಿನ ಕಾಗದವನ್ನು ನೋಡಿದವರು ಹಾಗೆ ಆಡಲಾರರು. ಒಂದು ಸೆಮಿಸ್ಟರಿನ ಖರ್ಚಿಗೆ ಈ ಬಗೆಯ ಕೊರಳಹಗ್ಗವಿಲ್ಲ.

ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿಯವರು 1970ರ ದಶಕದಲ್ಲಿ ಬಡದೇಶಗಳಿಂದ ವಲಸೆ ಹೋದ ತಜ್ಞರ ಆದಾಯದ ಮೇಲೆ ತೆರಿಗೆ ಹಾಕಬೇಕೆಂದು ಸೂಚಿಸಿದ್ದರು. ಅದು ಚರ್ಚೆಯಲ್ಲಿಯೇ ಉಳಿಯಿತು. ನನಗನಿಸುವಂತೆ ಹೋದವರ ಮೇಲೆ ತೆರಿಗೆ ಹಾಕುವುದಕ್ಕಿಂತ, ಸಾಲವಿಲ್ಲದೆ ಹೋಗಿಬರುವ ದಾರಿ ಮಾಡುವುದು ಸುಲಭ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ, 1966ರಲ್ಲಿ ಡಾಕ್ಟರೇಟ್ ಮುಗಿಸಿ ಮೈಸೂರಿಗೆ ಮರಳಿದರು. ‘ಸಂಸ್ಕಾರ’ವನ್ನು ಬರೆದದ್ದು ಆ ಪರದೇಶವಾಸದಲ್ಲಿಯೇ. ಎರಡು ಉದಾಹರಣೆಗಳಿಂದ ಸಿದ್ಧಾಂತ ಹುಟ್ಟುವುದಿಲ್ಲ, ನಿಜ. ಆದರೂ ಅವರಿಬ್ಬರ ಹೆಗಲ ಮೇಲೆ ತಿಂಗಳ ಕಂತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಆಕೆ 2024ರ ಅಕ್ಟೋಬರಿನಲ್ಲಿ ಹೊರಟಳು, ಊರಿನಲ್ಲಿ ಕೊನೆಕೊಯ್ಲಿನ ಸಿದ್ಧತೆ ನಡೆದಿದ್ದಾಗ. ಟ್ಯೂಬಿಂಗನ್ ನೆಕ್ಕಾರ್ ನದಿಯ ದಂಡೆಯ ಸಣ್ಣ ನಗರ. ಅಲ್ಲಿನ ವಿಶ್ವವಿದ್ಯಾಲಯ ಮಾತ್ರ 1477ರಷ್ಟು ಹಳೆಯದು. ಮೊದಲ ಎರಡು ವಾರ ಪಾಠಕ್ಕಿಂತ ಕಚೇರಿಗಳ ಸುತ್ತಾಟವೇ ಹೆಚ್ಚಾಯಿತಂತೆ. ಆ ದೇಶದಲ್ಲಿ ಯಾರೇ ಮನೆ ಹೂಡಿದರೂ ಎರಡು ವಾರದೊಳಗೆ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಬೇಕು; ಅದಕ್ಕೆ ಮನೆಯೊಡೆಯನ ಪತ್ರ ಬೇಕು. ಮುಂದಿನ ಎಷ್ಟೋ ಕೆಲಸಗಳು ಆ ಚೀಟಿಯ ಮೇಲೆ ನಿಂತಿವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಇದನ್ನು ಕೇಳಿ ಒಂದು ಬಗೆಯ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ಕಾಗದಪತ್ರಗಳ ಕಾಟ ನಮ್ಮೊಬ್ಬರ ಆವಿಷ್ಕಾರವೇನೂ ಅಲ್ಲ!

ತರಗತಿಯ ರೀತಿ ಆಕೆಯನ್ನು ಹೆಚ್ಚು ಅಲುಗಿಸಿತು. ವಾರಕ್ಕೆ ಎರಡು ಗಂಟೆಯ ಒಂದು ಸೆಮಿನಾರ್. ಹದಿನೈದು ಇಪ್ಪತ್ತು ವಿದ್ಯಾರ್ಥಿಗಳು. ಪ್ರಾಧ್ಯಾಪಕರು ಟಿಪ್ಪಣಿ ಬರೆಸುವುದಿಲ್ಲ. ಓದಬೇಕಾದ ಲೇಖನಗಳನ್ನು ಮೊದಲೇ ಕೊಟ್ಟಿರುತ್ತಾರೆ. ತರಗತಿಯಲ್ಲಿ ನಡೆಯುವುದು ವಾದ. ಮೊದಲ ತಿಂಗಳು ಈಕೆ ಬಾಯಿ ತೆರೆಯಲಿಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ, ಹದಿನೇಳು ವರ್ಷ ಓದಿದ ಹುಡುಗಿಗೆ ‘ಈ ಲೇಖಕ ಹೇಳುವುದು ಸರಿಯೇ?’ ಎಂದು ಯಾರೂ ಅದುವರೆಗೆ ಕೇಳಿರಲಿಲ್ಲ. ಫೋನಿನಲ್ಲಿ ಆಕೆ ಹೇಳಿದ ಮಾತು ನನ್ನಲ್ಲಿ ಉಳಿದಿದೆ: ‘ದೊಡ್ಡಪ್ಪ, ನನಗೆ ಉತ್ತರ ಗೊತ್ತು. ಅಭಿಪ್ರಾಯ ಏನು ಅಂತ ಕೇಳಿದರೆ ಏನೂ ಗೊತ್ತಿಲ್ಲ.’

ಪ್ರತಿಯೊಬ್ಬರೂ ಒಂದು ವಿಷಯ ಮಂಡಿಸಲೇಬೇಕಿತ್ತು. ಲಾಭ–ವೆಚ್ಚ ವಿಶ್ಲೇಷಣೆಯ ಮೇಲಿನ ಸೆಮಿನಾರಿನಲ್ಲಿ ಉಳಿದವರು ಯುರೋಪಿನ ರೈಲುಮಾರ್ಗ, ಗಾಳಿ ವಿದ್ಯುತ್ ಎಂದು ಆರಿಸಿಕೊಂಡಾಗ, ಈಕೆ ಬೇಡ್ತಿಯನ್ನು ಆರಿಸಿಕೊಂಡಳು. 1970ರ ದಶಕದ ಕೊನೆಯಲ್ಲಿ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಿತ್ತು. ಕಣಿವೆಯ ಕಾಡು, ಅಡಿಕೆ ತೋಟಗಳು ಮುಳುಗುವುದಿದ್ದವು. ಊರವರು ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1980ರ ದಶಕದ ಆರಂಭದಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ, ಯೋಜನೆಯ ಲಾಭವೆಷ್ಟು, ನಷ್ಟವೆಷ್ಟು ಎಂಬ ಲೆಕ್ಕವನ್ನೇ ಚರ್ಚೆಗಿಟ್ಟರು. ಯೋಜನೆ ನಿಂತಿತು. ಧಾರವಾಡದಲ್ಲಿ ಎಂ.ಎ. ಓದಿದ ನನಗೆ ಲಾಭ–ವೆಚ್ಚ ವಿಶ್ಲೇಷಣೆ ಪಠ್ಯದ ಒಂದು ಅಧ್ಯಾಯವಾಗಿತ್ತು; ಊರಿನಲ್ಲಿದ್ದ ನನ್ನ ತಂದೆಗೆ ಅದು ತೋಟ ಉಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯಾಗಿತ್ತು. ಆ ಸಂಗತಿಗಳನ್ನು ಆಕೆ ಚಿಕ್ಕಂದಿನಿಂದ ಜಗುಲಿಯ ಹರಟೆಯಾಗಿ ಕೇಳಿದ್ದಳು. ಅದು ಶಾಸ್ತ್ರದ ವಿಷಯವೂ ಆಗಬಲ್ಲದೆಂದು ತಿಳಿಯಲು ಟ್ಯೂಬಿಂಗನ್ನಿಗೆ ಹೋಗಬೇಕಾಯಿತು.

ನವೆಂಬರಿನಲ್ಲಿ ಆಕೆಯಿಂದ ಕರೆಗಳ ಮೇಲೆ ಕರೆಗಳು. ಎಷ್ಟು ಎಕರೆ, ಫಸಲಿನ ಬೆಲೆ ಅಂದು ಎಷ್ಟಿತ್ತು, ಸೊಪ್ಪಿನ ಬೆಟ್ಟಕ್ಕೆ ಯಾವ ಬೆಲೆ ಕಟ್ಟುವುದು? ತಮ್ಮ ಅಟ್ಟದಿಂದ ಹಳೆಯ ಲೆಕ್ಕದ ಪುಸ್ತಕಗಳನ್ನು ಇಳಿಸಿ ಪುಟಗಳ ಚಿತ್ರ ತೆಗೆದು ಕಳುಹಿಸಿದ. ಮಗಳು ಕೈಬಿಟ್ಟು ಹೋದಳೆಂದು ಕೊರಗುತ್ತಿದ್ದವನು ಆ ತಿಂಗಳಲ್ಲಿ ಆಕೆಯೊಡನೆ ಆಡಿದಷ್ಟು ಮಾತನ್ನು ಹಿಂದಿನ ಐದು ವರ್ಷಗಳಲ್ಲಿ ಆಡಿರಲಾರ. ಮಂಡನೆ ಮುಗಿದಾಗ ಅವರು ಚಪ್ಪಾಳೆ ತಟ್ಟಲಿಲ್ಲವಂತೆ. ಬೆರಳ ಗೆಣ್ಣಿನಿಂದ ಮೇಜನ್ನು ಕುಟ್ಟಿದರಂತೆ. ಅದು ಅಲ್ಲಿನ ಮೆಚ್ಚುಗೆಯ ಕ್ರಮ. ಈಕೆ ಕ್ಷಣಕಾಲ ಬೆದರಿದಳು.

ಟ್ಯೂಬಿಂಗನ್ ಎಂದೊಡನೆ ಕನ್ನಡಿಗರಿಗೆ ಫರ್ಡಿನಾಂಡ್ ಕಿಟ್ಟೆಲ್ ನೆನಪಾಗಬೇಕು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃವಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ಕಿಟ್ಟೆಲ್ ಕನ್ನಡವನ್ನು ಅರಿಯಲು ದಶಕಗಳನ್ನು ಕೊಟ್ಟರು. ಆರು ತಿಂಗಳಲ್ಲಿ ಏನು ಕಲಿತಾರು, ಇದು ಪ್ರವಾಸಕ್ಕಿಂತ ಸ್ವಲ್ಪ ದುಬಾರಿಯಾದ ಪ್ರವಾಸ ಎಂದು ಮೂಗು ಮುರಿಯುವವರಿದ್ದಾರೆ. ಜರ್ಮನಿಯನ್ನು ಆಕೆ ಅರಿತಳೆಂದು ನಾನೂ ಹೇಳಲಾರೆ. ಭಾಷೆಯೇ ಬಾರದು, ಭಾನುವಾರ ಅಂಗಡಿ ಮುಚ್ಚಿರುತ್ತದೆಂಬುದನ್ನು ಹಸಿದುಕೊಂಡು ಕಲಿತಳು, ಡಿಸೆಂಬರಿನ ನಾಲ್ಕೂವರೆಗೆ ಕವಿಯುವ ಕತ್ತಲಲ್ಲಿ ಅತ್ತದ್ದೂ ಉಂಟಂತೆ. ಆಕೆ ಕಲಿತದ್ದು ಪ್ರಶ್ನೆ ಕೇಳುವ ಬಗೆಯನ್ನು. ಅದಕ್ಕೆ ಆರು ತಿಂಗಳು ಸಾಕಾಯಿತು.

2025ರ ಫೆಬ್ರುವರಿ ಕೊನೆಗೆ ಆಕೆ ಮರಳಿದಳು. ನಿಜವಾದ ಪರದೇಶ ಎದುರಾದದ್ದು ಆಗ.

ಅಲ್ಲಿ ಪಡೆದ ಅಂಕಗಳನ್ನು ಇಲ್ಲಿನ ಪದವಿಗೆ ಸೇರಿಸಬೇಕು. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿ ಮಾಡುವ ಒಟ್ಟು ಕೆಲಸದ 25ರಿಂದ 30 ಗಂಟೆ. ಓದು, ಬರಹ, ಗ್ರಂಥಾಲಯ ಎಲ್ಲವೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಕ್ರೆಡಿಟ್ಟನ್ನು ವಾರಕ್ಕೆ ಎಷ್ಟು ಗಂಟೆ ಪಾಠ ನಡೆಯಿತೆಂಬುದರಿಂದ ಅಳೆಯುತ್ತಾರೆ. ಅಲ್ಲಿನ ಸೆಮಿನಾರ್ ವಾರಕ್ಕೆ ಎರಡೇ ಗಂಟೆಯದಾದ್ದರಿಂದ, ನಾಲ್ಕು ಗಂಟೆಯ ಪಾಠವಿರುವ ಪತ್ರಿಕೆಗೆ ಅದು ಸಮವಾಗದೆಂದು ಆಕೆಯ ವಿಶ್ವವಿದ್ಯಾಲಯದ ಕಚೇರಿ ತೀರ್ಮಾನಿಸಿತು. ಎರಡು ಪತ್ರಿಕೆಗಳು ಬಿದ್ದುಹೋದವು. ಆ ಸೆಮಿಸ್ಟರಿನ ಪರೀಕ್ಷೆ ವರ್ಷಕ್ಕೊಮ್ಮೆ. ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು. ಹನ್ನೊಂದು ಕ್ವಿಂಟಲ್ ಅಡಿಕೆಯ ಲೆಕ್ಕ ಹಾಕಿದ್ದ ನಾವು ಈ ವೆಚ್ಚವನ್ನು ಹಾಕಿರಲಿಲ್ಲ. ಹಾಕಲು ನಮಗೆ ಯಾರೂ ಹೇಳಿರಲೂ ಇಲ್ಲ.

ನಿಯಮ ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ, ವಿದೇಶಿ ವಿಶ್ವವಿದ್ಯಾಲಯದೊಡನೆ ಜೋಡಣೆಯ ಕಾರ್ಯಕ್ರಮಗಳಲ್ಲಿ ಶೇ 30ರವರೆಗಿನ ಕ್ರೆಡಿಟ್‌ಗಳನ್ನು ಹೊರಗೆ ಪಡೆಯಲು ಅವಕಾಶ ಕೊಡುತ್ತದೆ. ಬೆಂಗಳೂರಿನ ಐಐಎಂ ಹಾಗೂ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಒಂದು ಅವಧಿಗೆ ಹೊರದೇಶಕ್ಕೆ ಹೋಗಿಬರುವುದು ಹಳೆಯ ರೂಢಿ. ಅಲ್ಲಿಗೆ ಪ್ರವೇಶ ಪಡೆದವರಿಗೆ ಲೋಕ ಹೇಗೂ ತೆರೆದೇ ಇರುತ್ತದೆ. ಹಳ್ಳಿಯಿಂದ ಬಂದ ಮಕ್ಕಳು ಹೆಚ್ಚಾಗಿರುವ ಕಡೆ ಹೊರಡುವ ಮೊದಲೇ ‘ಈ ಪತ್ರಿಕೆಗೆ ಆ ಪತ್ರಿಕೆ ಸಮ’ ಎಂಬ ಒಂದು ಪುಟದ ಲಿಖಿತ ಒಪ್ಪಿಗೆ ಕೊಟ್ಟರೆ ಸಾಕು. ಸರ್ಕಾರಕ್ಕೆ ಬಿಡಿಗಾಸಿನ ಖರ್ಚಿಲ್ಲ. ಯುರೋಪಿನೊಳಗೆ 1987ರಲ್ಲಿ ಆರಂಭವಾದ ಎರಾಸ್ಮಸ್ ವಿನಿಮಯ ನಡೆದಿರುವುದು ಇಂಥ ಮುನ್ನೊಪ್ಪಿಗೆಯ ಮೇಲೆಯೇ. ಹಣದ ಮಾತು ಅನಂತರದ್ದು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಪದವಿ ಮತ್ತು ಡಾಕ್ಟರೇಟಿಗೆ ಮೀಸಲು. ಪೂರ್ತಿ ಪದವಿಗೆ ಒಬ್ಬರಿಗೆ ಕೊಡುವ ಹಣದಲ್ಲಿ ಹಲವರನ್ನು ಒಂದೊಂದು ಸೆಮಿಸ್ಟರಿಗೆ ಕಳುಹಿಸಬಹುದು. ಯಲ್ಲಾಪುರದ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ಹಾಗೆ ಹೋಗಿಬರಬೇಕಾದರೆ ಅದಕ್ಕೊಂದು ಪ್ರತ್ಯೇಕ ಯೋಜನೆಯೇ ಬೇಕು. ಆಕೆಯ ಮನೆಯಲ್ಲಿ ಮಾರಲು ಹನ್ನೊಂದು ಕ್ವಿಂಟಲ್ ಅಡಿಕೆ ಇರುವುದಿಲ್ಲ.

ತಮ್ಮನ ಮಗಳು ಉಳಿದ ಎರಡು ಪತ್ರಿಕೆಗಳನ್ನು 2025ರ ಡಿಸೆಂಬರಿನಲ್ಲಿ ಬರೆದಳು. ಅವುಗಳಲ್ಲೊಂದು ಪರಿಸರ ಅರ್ಥಶಾಸ್ತ್ರ. ಪ್ರಶ್ನೆಪತ್ರಿಕೆಯನ್ನು ಆಕೆ ನನಗೆ ತೋರಿಸಿದಳು. ಮೂರನೆಯ ಪ್ರಶ್ನೆ: ಲಾಭ–ವೆಚ್ಚ ವಿಶ್ಲೇಷಣೆ ಎಂದರೇನು? ಅದರ ಹಂತಗಳನ್ನು ಪಟ್ಟಿ ಮಾಡಿ. ಹತ್ತು ಅಂಕ.