ಕೊನೆಯ ಸಾಲಿನ ಶಾಲೆಗೆ ಬರುವವರು ಯಾರು?

ಎಸ್ಸೆಸ್ಸೆಲ್ಸಿ ಪಟ್ಟಿಯ ತಳದಲ್ಲಿ ಯಾದಗಿರಿಯ ಹೆಸರು ಕಂಡ ಕೂಡಲೇ ಬೈಗುಳ ಬೀಳುವುದು ಮಾಸ್ತರರಿಗೆ. ಆ ಶೇಕಡಾವಾರಿನ ಹಿಂದೆ ಅವ್ವಂದಿರೂ ಇದ್ದಾರೆ, ಹತ್ತಿ ಹೊಲಗಳೂ ಇವೆ.

2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲು, ಶೇ 96.8. ಮರುವರ್ಷ ಅದೇ ಜಿಲ್ಲೆ ಶೇ 72.85ಕ್ಕೆ ಇಳಿದು 21ನೇ ಸ್ಥಾನದಲ್ಲಿ ಕುಳಿತಿತ್ತು. ವರ್ಷದೊಳಗೆ ಅಲ್ಲಿನ ಮಕ್ಕಳೆಲ್ಲ ದಡ್ಡರಾದರೇ? ಹಾಗೇನೂ ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಸರಾಸರಿಯೂ 83.89ರಿಂದ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದಕ್ಕಿದ್ದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದ ಮೇಲೆ. ಈ ಔದಾರ್ಯ ಇಲ್ಲದಿದ್ದರೆ ಪಾಸಾಗುತ್ತಿದ್ದವರು ನೂರಕ್ಕೆ ಸುಮಾರು 54 ಮಂದಿ.

ಈ ಏರಿಳಿತದಲ್ಲಿ ಅಲುಗಾಡದೆ ಉಳಿದದ್ದು ಪಟ್ಟಿಯ ತಳ. ಯಾದಗಿರಿ 2023ರಲ್ಲಿ 75.49ರೊಂದಿಗೆ ಕೊನೆಯದು, 2024ರಲ್ಲಿ 50.59ರೊಂದಿಗೆ ಮತ್ತೆ ಕೊನೆಯದು. ಕ್ಯಾಮೆರಾ ಇಲ್ಲದಾಗಲೂ ಇದ್ದಾಗಲೂ ಒಂದೇ ಜಾಗ. ನಕಲಿನ ಮಾತಾಡಿ ಇದನ್ನು ವಿವರಿಸಲಾಗದು.

ಅವ್ವ ಓದಿದಷ್ಟು

2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾದ ಜಿಲ್ಲೆ ಇದು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಆಗ ರಾಜ್ಯದ ಸರಾಸರಿ 75.36, ದಕ್ಷಿಣ ಕನ್ನಡದ್ದು 88.57. ಯಾದಗಿರಿಯ ಹೆಣ್ಣುಮಕ್ಕಳನ್ನಷ್ಟೇ ಲೆಕ್ಕ ಹಿಡಿದರೆ ಶೇ 41ರ ಆಸುಪಾಸು.

ಇದು ಹಳೆಯ ಅಂಕಿಯೆಂದು ತಳ್ಳಿಹಾಕುವ ಮುನ್ನ ಒಂದು ಲೆಕ್ಕ ಹಾಕಿ. 2024ರಲ್ಲಿ ಹತ್ತನೇ ತರಗತಿ ಪರೀಕ್ಷೆ ಬರೆದ ಮಗುವಿಗೆ 2011ರಲ್ಲಿ ಎರಡೋ ಮೂರೋ ವರ್ಷ. ಅಂದು ಗಣತಿಗೆ ಬಂದವರ ಮುಂದೆ 'ಓದಾಕ ಬರಲ್ರಿ' ಎಂದವರಲ್ಲಿ ಈ ಮಕ್ಕಳ ಅವ್ವಂದಿರು ಎಷ್ಟೋ ಜನ. ಮಂಗಳೂರಿನ ಹುಡುಗನಿಗೆ ಮನೆಯಲ್ಲಿ ನೋಟ್ಸ್ ತಿರುವಿ ನೋಡುವವರಿದ್ದಾರೆ, ಜೊತೆಗೆ ಟ್ಯೂಷನ್ನೂ ಇರಬಹುದು. ಸುರಪುರದ ಹಳ್ಳಿಯ ಹುಡುಗಿಗೆ ಬೀಜಗಣಿತದ ಲೆಕ್ಕ ತಡೆದು ನಿಂತರೆ, ಕೇಳಲು ಇರುವುದು ಶಾಲೆ ಮಾತ್ರ. ಅಲ್ಲಿ ಗಣಿತದ ಹುದ್ದೆ ಖಾಲಿಯಿದ್ದರೆ ಅತಿಥಿ ಶಿಕ್ಷಕರು ಬರುವವರೆಗೆ ಕಾಯಬೇಕು. ಕಾಯುವಷ್ಟರಲ್ಲಿ ಮೊದಲ ಪಾಠಗಳು ಮುಗಿದಿರಬೇಕಿತ್ತು.

ಭಾಷೆಯ ಮಾತೂ ಇದೆ. ತಾಂಡಾದ ಮನೆಯಲ್ಲಿ ಲಂಬಾಣಿ, ಗುರುಮಠಕಲ್ ಕಡೆ ತೆಲುಗು, ಪೇಟೆಯ ಓಣಿಗಳಲ್ಲಿ ಉರ್ದು. ಇವರಲ್ಲಿ ಕನ್ನಡ ಮಾಧ್ಯಮಕ್ಕೆ ಸೇರಿದವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತು ಬರೆಯಬೇಕಾದದ್ದು ಪುಸ್ತಕದ ಕನ್ನಡದಲ್ಲಿ. ಕನ್ನಡವೇ ಮನೆಮಾತಾದ ಮಕ್ಕಳಿಗೂ ಆ ಕನ್ನಡ ಅರ್ಧ ಪರಭಾಷೆಯೇ.

ಹತ್ತಿ ಬಿಡಿಸುವ ತಿಂಗಳು

ದೀಪಾವಳಿ ಕಳೆದರೆ ಹೊಲದಲ್ಲಿ ಹತ್ತಿ ಒಡೆದಿರುತ್ತದೆ. ಬಿಡಿಸಿದ ಹತ್ತಿಗೆ ಕೆ.ಜಿ. ಲೆಕ್ಕದ ಕೂಲಿ; ಮನೆಯ ಕೈಗಳು ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಅದು ಮುಗಿದ ಮೇಲೆ ಗುಳೆ: ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸ. ಹತ್ತನೇ ತರಗತಿಯ ಪಾಠ ಬಿರುಸಾಗುವುದೂ ಇದೇ ತಿಂಗಳುಗಳಲ್ಲಿ. ಅಜ್ಜಿಯ ಜೊತೆ ಊರಲ್ಲೇ ಉಳಿದ ಮಗು ಶಾಲೆಗೆ ಬರುತ್ತದೆ, ನಿಜ. ಆದರೆ ಎಮ್ಮೆ, ತಮ್ಮ, ಅಡುಗೆ ಎಲ್ಲ ಅದರ ಪಾಲಿಗೇ ಬಂದಿರುತ್ತವೆ. ಸರ್ಕಾರಕ್ಕೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಗುಳೆ ಹೋದವರ ಮಕ್ಕಳಿಗೆಂದು ಋತುಮಾನದ ವಸತಿ ಕೇಂದ್ರಗಳನ್ನು ನಡೆಸಿದ್ದು ಅದಕ್ಕಾಗಿಯೇ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದದ್ದೂ ಈ ಸೀಮೆಯ ಜಿಲ್ಲೆಗಳಲ್ಲೇ.

ಹುಡುಗಿಯರು ಮುಂದಿದ್ದಾರೆ ಎಂಬ ತಲೆಬರಹ ಪ್ರತಿ ವರ್ಷ ಬರುತ್ತದೆ. 2025ರಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ 74, ಹುಡುಗರಲ್ಲಿ ಶೇ 58.07 ಪಾಸು. ಸಂತೋಷವೇ. ಆದರೆ ಎಂಟನೇ ತರಗತಿಯಲ್ಲೇ ಶಾಲೆ ಬಿಟ್ಟು, ಮದುವೆಯಾಗಿ ಹೋದವಳು ಈ ಲೆಕ್ಕದಲ್ಲಿ ನಪಾಸೂ ಅಲ್ಲ, ಪಾಸೂ ಅಲ್ಲ. ಪರೀಕ್ಷೆಗೆ ಕುಳಿತವರ ಶೇಕಡಾವಾರು ಅವಳನ್ನು ಎಣಿಸುವುದೇ ಇಲ್ಲ.

ಸರ್ಕಾರಿ ಶಾಲೆಯೆಂದರೆ ಸೋಲು ಎಂಬ ಮಾತನ್ನೂ ಅಂಕಿಗಳು ಪೂರ್ತಿ ಒಪ್ಪುವುದಿಲ್ಲ. 2025ರಲ್ಲಿ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 62.7, ಅನುದಾನಿತ ಶಾಲೆಗಳದ್ದು 58.97, ಅನುದಾನರಹಿತ ಶಾಲೆಗಳದ್ದು 75.59. ಖಾಸಗಿಯವರಿಗೆ ಶುಲ್ಕವೇ ಒಂದು ಜರಡಿ. ಸರ್ಕಾರಿ ಪ್ರೌಢಶಾಲೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಇನ್ನು 2024ರಲ್ಲಿ 625ಕ್ಕೆ 625 ಪಡೆದ ಏಕೈಕ ವಿದ್ಯಾರ್ಥಿನಿ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ವಸತಿ ಶಾಲೆಗೂ ಪ್ರವೇಶ ಪರೀಕ್ಷೆಯ ಜರಡಿ ಉಂಟು, ಅದನ್ನು ಮರೆಯಬಾರದು. ಆದರೂ ಹೊತ್ತಿಗೆ ಊಟ, ರಾತ್ರಿ ಓದಲು ದೀಪ, ಸುಗ್ಗಿಯಲ್ಲೂ ತಪ್ಪದ ಪಾಠ, ಇಷ್ಟು ಸಿಕ್ಕರೆ ಒಕ್ಕಲುತನದ ಮನೆಯ ಮಗು ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಕಂಡಿತು.

ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆಯ ಹೆಸರಿನ ಪಕ್ಕ ಇನ್ನು ಎರಡು ಅಂಕಣ ಇರಲಿ ಎಂಬುದು ನನ್ನ ಬೇಡಿಕೆ. ಒಂದು, ಆ ವರ್ಷ ಖಾಲಿ ಇದ್ದ ಶಿಕ್ಷಕರ ಹುದ್ದೆ. ಎರಡು, ನವೆಂಬರ್‌ನಿಂದ ಜನವರಿವರೆಗಿನ ಹಾಜರಿ. ಹೊಸ ಸಮೀಕ್ಷೆ ಬೇಕಿಲ್ಲ: ಹುದ್ದೆಗಳ ಲೆಕ್ಕ ಇಲಾಖೆಯ ಕಡತದಲ್ಲಿದೆ, ಹಾಜರಿಯ ಲೆಕ್ಕ ಶಾಲೆಯ ಪುಸ್ತಕದಲ್ಲಿದೆ.